ಬಿಕೋಲಿನ ಗಾಳಿಯಲ್ಲಿ ಇಂಡಿಯ ಅತ್ತೆ

ಮನೆ ತೋರಿಸಲು ಬಂದ ಮಾಲೀಕ ಮೊದಲು ತೋರಿಸಿದ್ದು ಅಡುಗೆಮನೆಯನ್ನಲ್ಲ, ನೀರಿನ ನಲ್ಲಿಯನ್ನೂ ಅಲ್ಲ. ಮಾಳಿಗೆಯ ತಗಡಿನ ಮೇಲಿಂದ ಎರಡೂ ಬದಿಗೆ ಇಳಿದು, ನೆಲದಲ್ಲಿ ಹೂತ ಕಬ್ಬಿಣದ ಗೂಟಗಳಿಗೆ ಬಿಗಿದಿದ್ದ ದಪ್ಪ ಹಗ್ಗಗಳನ್ನು ತೋರಿಸಿದ. ನಮ್ಮ ಕಡೆ ದನ ಕಟ್ಟುತ್ತಾರೆ, ನಾಯಿ ಕಟ್ಟುತ್ತಾರೆ. ಮನೆಯನ್ನೇ ಕಟ್ಟಿಹಾಕಿದ್ದನ್ನು ನಾನು ಕಂಡದ್ದು ಅದೇ ಮೊದಲು. ಇದೇನು ಓಡಿಹೋಗುತ್ತದೆಯೇ ಎಂದು ಇವರನ್ನು ಕೇಳಿ ನಕ್ಕೆ. ಇವರು ನನ್ನ ಪ್ರಶ್ನೆಯನ್ನು ಇಂಗ್ಲಿಷಿನಲ್ಲಿ ಮಾಲೀಕನಿಗೆ ದಾಟಿಸಿದರು. ಆತ ನಗಲಿಲ್ಲ. ಹೌದು, ಕಟ್ಟದಿದ್ದರೆ ಹೋಗುತ್ತದೆ ಎಂದ.

ತೊಂಬತ್ತರ ದಶಕ ಮುಗಿಯುತ್ತ ಬಂದಿತ್ತು. ನನ್ನ ತವರು ಸಿಂದಗಿ ತಾಲೂಕಿನ ಯಂಕಂಚಿ, ಕೊಟ್ಟದ್ದು ಇಂಡಿ ಸಮೀಪದ ಒಂದು ಹಳ್ಳಿಗೆ. ಗಂಡ ಸಕ್ಕರೆ ಕಾರ್ಖಾನೆಯಲ್ಲಿ ಕೆಮಿಸ್ಟ್. ಪರದೇಶದ ಕಾರ್ಖಾನೆಯೊಂದರಿಂದ ಕರೆ ಬಂದಾಗ ಊರವರೆಲ್ಲ ದುಬೈ ಇರಬೇಕು ಅಂದುಕೊಂಡರು. ಫಿಲಿಪೀನ್ಸ್ ಎಂದರೆ ಯಾರಿಗೂ ತಿಳಿಯಲಿಲ್ಲ, ನನಗೂ ತಿಳಿದಿರಲಿಲ್ಲ. ಆ ದೇಶದ ದೊಡ್ಡ ದ್ವೀಪಕ್ಕೆ ಬಾಲದ ಹಾಗೆ ಒಂದು ಚೂರು ನೆಲ ಆಗ್ನೇಯಕ್ಕೆ ಚಾಚಿಕೊಂಡಿದೆ. ಅದಕ್ಕೆ ಬಿಕೋಲ್ ಎನ್ನುತ್ತಾರೆ. ಅದರ ಮೂಡಣಕ್ಕೆ ಪೆಸಿಫಿಕ್ ಸಾಗರ ಬಿಟ್ಟರೆ ಬೇರೇನೂ ಇಲ್ಲ. ನಾವು ಹೋಗಿ ಇಳಿದದ್ದು ಅಲ್ಲಿ.

ಮೊದಲ ತಿಂಗಳುಗಳನ್ನು ನಾನು ಸಿಟ್ಟಿನಲ್ಲೇ ಕಳೆದೆ. ಜೋಳದ ಹಿಟ್ಟಿಲ್ಲ, ಶೇಂಗಾ ಹಿಂಡಿಯಿಲ್ಲ. ಮೂರು ಹೊತ್ತೂ ಅನ್ನ, ಅನ್ನದ ಪಕ್ಕದಲ್ಲಿ ಮೀನು. ಬರೀ ಕಾಯಿಪಲ್ಲೆ ತಿನ್ನುವ ನಮ್ಮನ್ನು ನೋಡಿ ಪೇಟೆಯ ಹೆಂಗಸರು ಇವರಿಗೇನೋ ಕಾಯಿಲೆಯಿದೆ ಎಂದು ಕನಿಕರಪಟ್ಟರು. ನಮ್ಮಲ್ಲಿ ಮೋಡ ಕಂಡರೆ ಮುಖ ಅರಳುತ್ತದೆ. ಇಲ್ಲಿ ಮೋಡ ನೋಡಿದವರು ಮೊದಲು ಮಾಳಿಗೆ ನೋಡುತ್ತಾರೆ. ನಮ್ಮಲ್ಲಿ ಎರೆಹೊಲ ಬಾಯಿ ಬಿಟ್ಟುಕೊಂಡು ಕಾಯುತ್ತದೆ. ಇಲ್ಲಿ ನೆಲ ಒಣಗಿದ್ದನ್ನೇ ನಾನು ನೋಡಲಿಲ್ಲ. ಹಪ್ಪಳ ಒಣಹಾಕಿದರೆ ಬೂಸು ಹಿಡಿಯುತ್ತಿತ್ತು. ಇವರು ಕಾರ್ಖಾನೆಗೆ ಹೋದ ಮೇಲೆ ಕಿಟಕಿಯಲ್ಲಿ ಕೂತು, ಕನ್ನಡದಲ್ಲಿ ಗಟ್ಟಿಯಾಗಿ ನನ್ನೊಡನೆ ನಾನೇ ಜಗಳವಾಡುತ್ತಿದ್ದೆ. ಊರಿಗೆ ಯಾವಾಗ ಹೋಗುವುದು ಎಂದು ದಿನಕ್ಕೊಮ್ಮೆ ಕೇಳದೆ ಇವರಿಗೆ ಊಟ ಬಡಿಸಿದ್ದು ನೆನಪಿಲ್ಲ.

ಆ ಜಗಳ ಕೇಳಿಸಿಕೊಂಡೇ ಪಕ್ಕದ ಮನೆಯಾಕೆ ಒಂದು ದಿನ ಬಂದಳು. ಹೆಸರು ಲೋರಿಂಗ್. ಅಕ್ಕನಿಗೆ ಅಲ್ಲಿ ಮನಾಯ್ ಎನ್ನುತ್ತಾರೆ, ಹಾಗಾಗಿ ನನಗೆ ಆಕೆ ಮನಾಯ್ ಲೋರಿಂಗ್. ಗಂಡ ತೀರಿಕೊಂಡಿದ್ದ. ಮದುವೆ ವಯಸ್ಸಿನ ಮಗ ಬೆರ್ತೊ ಮೂರು ಗಾಲಿಯ ಬಾಡಿಗೆ ಗಾಡಿ ಓಡಿಸುತ್ತಿದ್ದ. ಆಕೆಗೆ ಬರುತ್ತಿದ್ದ ಮುರುಕು ಇಂಗ್ಲಿಷು, ನನಗೆ ಬರುತ್ತಿದ್ದ ಅದಕ್ಕಿಂತ ಮುರುಕು ಇಂಗ್ಲಿಷು ಸೇರಿ ಒಂದು ಸಂಸಾರಕ್ಕೆ ಸಾಲುವಷ್ಟು ಮಾತಾಯಿತು. ಪೇಟೆಯಲ್ಲಿ ಅವರ ಭಾಷೆಯಲ್ಲೇ ಚೌಕಾಸಿ ಮಾಡಿ ಬದನೆಕಾಯಿ ತಂದ ದಿನ ನಾನು ಕಿತ್ತೂರು ಗೆದ್ದವಳ ಹಾಗೆ ಮನೆಗೆ ಬಂದೆ.

ಹಗ್ಗದ ವಿಷಯ ಹೇಳಿಕೊಟ್ಟವಳೂ ಮನಾಯ್. ಮನೆ ಕಟ್ಟುವುದು ಚಂಡಮಾರುತಕ್ಕೆ ಹೆದರಿ, ಅವರು ಅದನ್ನು ಬಗ್ಯೊ ಎನ್ನುತ್ತಾರೆ. ಹುಟ್ಟುವುದು ಮೂಡಣಕ್ಕೆ ಬಹಳ ದೂರ, ಕಾದ ಸಮುದ್ರದ ಮೇಲೆ. ಮೊದಲಿಗೆ ಅದು ಬರೀ ಮೋಡದ ಗುಂಪು. ನೀರಿನ ಕಾವು ಕುಡಿದು ಕುಡಿದು ದಪ್ಪವಾಗಿ, ತನ್ನ ಸುತ್ತ ತಾನೇ ಗಿರಗಿರ ತಿರುಗುವುದನ್ನು ಕಲಿಯುತ್ತದೆ. ತಿರುಗುವುದು ಜೋರಾಯಿತೆಂದರೆ ಸರಕಾರದವರು ಅದಕ್ಕೆ ಹೆಸರಿಡುತ್ತಾರೆ. ಆ ಕಾಲಕ್ಕೆ ಎಲ್ಲವೂ ಹೆಣ್ಣು ಹೆಸರುಗಳೇ. ಆಮೇಲೆ ರೇಡಿಯೋದಲ್ಲಿ ಆಕೆ ಇವತ್ತು ಎಲ್ಲಿದ್ದಾಳೆ, ನಾಳೆ ಎಲ್ಲಿರುತ್ತಾಳೆ ಎಂದು ಬೀಗರ ಸವಾರಿಯಂತೆ ಸುದ್ದಿ ಹೇಳುತ್ತಾರೆ. ಹತ್ತಿರ ಬಂದಷ್ಟೂ ಸಿಗ್ನಲ್ ಒಂದು, ಎರಡು, ಮೂರು ಎಂದು ಏರಿಸುತ್ತಾರೆ. ಒಂದಕ್ಕೆ ಸಾಲೆ ಬಿಡುತ್ತದೆ, ಮೂರಕ್ಕೆ ಎಲ್ಲರೂ ಮನೆ ಸೇರುತ್ತಾರೆ, ನಾಲ್ಕಕ್ಕೆ ದೇವರ ಹೆಸರು ಹೇಳುತ್ತಾರೆ. ನೆಲದ ಮೇಲೆ ಹಾಯ್ದ ಮೇಲೆ ಅದಕ್ಕೆ ಕುಡಿಯಲು ಕಾದ ನೀರು ಸಿಗದೆ ಸೊರಗುತ್ತದೆ, ಪಡುವಣದ ಯಾವುದೋ ದೇಶದಲ್ಲಿ ಸಾದಾ ಮಳೆಯಾಗಿ ಮುಗಿಯುತ್ತದೆ. ಇಷ್ಟೆಲ್ಲ ಹೇಳಿದ ಮನಾಯ್ ಒಂದನ್ನು ಮಾತ್ರ ಹೇಳಲಿಲ್ಲ. ಅಲ್ಲಿ ಹುಟ್ಟಿದವರಿಗೆ ಅದು ಹೇಳಬೇಕಾದ ಸಂಗತಿಯೇ ಅಲ್ಲ. ರೊಟ್ಟಿ ಬಡಿಯುವ ಮೊದಲು ಹಿಟ್ಟು ನಾದಬೇಕು ಎಂದು ನಮ್ಮಲ್ಲಿ ಯಾರೂ ಸೊಸೆಗೆ ಹೇಳುವುದಿಲ್ಲವಲ್ಲ, ಹಾಗೆ.

ನಾನು ಬಸುರಿಯಾದಾಗ ಅತ್ತೆಯನ್ನು ಕರೆಸುವ ಮಾತು ಬಂತು. ನನಗೆ ತಾಯಿಯಿಲ್ಲ, ಬಾಣಂತನ ಮಾಡುವವರು ಯಾರು? ಆದರೆ ಅತ್ತೆ ನೀಲವ್ವ ಹೂಂ ಅನ್ನಲಿಲ್ಲ. ಮಾವನವರನ್ನು ಮಣ್ಣು ಮಾಡಿದ್ದು ನಮ್ಮದೇ ಲಿಂಬೆ ತೋಟದಲ್ಲಿ, ಬಾವಿಯ ಮಗ್ಗುಲಿಗೆ. ಅವರ ಪಕ್ಕದಲ್ಲಿ ತನಗೊಂದು ಜಾಗ ಎಂದು ಅತ್ತೆ ಅಂದೇ ಎಲ್ಲರಿಗೂ ಹೇಳಿಬಿಟ್ಟಿದ್ದರು. ಕಡಲಾಚೆ ಹೋಗಿ ಏನಾದರೂ ಆದರೆ ಆ ಜಾಗ ತಪ್ಪುತ್ತದೆ ಎಂಬುದೊಂದೇ ಅವರ ಹೆದರಿಕೆ. ಸಾವಿಗಲ್ಲ, ಅದಕ್ಕೆ. ಕಡೆಗೆ ಅವರನ್ನು ಕರೆದೊಯ್ಯಲು ನಾನೇ ಊರಿಗೆ ಬಂದೆ. ಇಂಡಿ ರೋಡ್ ಸ್ಟೇಷನ್ನಿನಲ್ಲಿ ಸೊಲ್ಲಾಪುರದ ಗಾಡಿಗೆ ಕಾಯುತ್ತಿದ್ದಾಗ, ಬಿಟ್ಟುಬರಲು ಬಂದಿದ್ದ ಭಾವನವರ ಎದುರಿಗೆ ಅತ್ತೆ ನನ್ನ ಕೈ ಹಿಡಿದುಕೊಂಡರು.

“ಸುವರ್ಣಾ, ನನ್ನ ಮಗ ಕೆಲಸದ ಮ್ಯಾಲಿನ ಮನಶ್ಯಾ, ಅವನ್ನ ನಾ ನಂಬೂದಿಲ್ಲ. ನೀ ಹೇಳು. ತಿರುಗಿ ನನ್ನ ಇಲ್ಲಿಗೆ ಕರಕೊಂಡು ಬರ್ತೀ?”

“ಬರ್ತೇನ್ರಿ ಅತ್ತಿ. ನಾನ ಕರಕೊಂಡು ಬರ್ತೇನಿ,” ಅಂದೆ.

ಅಷ್ಟಾದ ಮೇಲೇ ಅವರು ಜೋಳದ ಹಿಟ್ಟಿನ ಗಂಟು ಎತ್ತಿಕೊಂಡದ್ದು.

ಅತ್ತೆ ಬಂದು ಬಿಕೋಲನ್ನು ಒಂದೇ ವಾರದಲ್ಲಿ ತಮ್ಮದು ಮಾಡಿಕೊಂಡರು. ನನಗೆ ವರ್ಷ ಹಿಡಿದಿತ್ತು. ಭಾಷೆಯ ಗೊಡವೆಗೇ ಅವರು ಹೋಗಲಿಲ್ಲ. ಇಂಡಿಯ ಮಾತನ್ನೇ ಸ್ವಲ್ಪ ಜೋರಾಗಿ ಆಡಿದರೆ ಎಲ್ಲರಿಗೂ ತಿಳಿಯುತ್ತದೆ ಎಂಬುದು ಅವರ ನಂಬಿಕೆ. ಅಜ್ಜಿಗೆ ಅಲ್ಲಿ ಲೋಲಾ ಎನ್ನುತ್ತಾರೆ. ಓಣಿಗೆಲ್ಲ ಅವರು ಲೋಲಾ ಆದರು. ರೊಟ್ಟಿ ಬಡಿಯುವ ಸಪ್ಪಳ ಕೇಳಲು ಮನಾಯ್ ಬಂದು ಕೂರುತ್ತಿದ್ದಳು. ಮಗಳು ಹುಟ್ಟಿದಾಗ ನೀರು ಹಾಕಿದ್ದು ಅತ್ತೆ, ಬಿಸಿಲಿಲ್ಲದ ಆ ಊರಿನಲ್ಲಿ ಕೂಸಿನ ಬಟ್ಟೆಗೆ ಬೆಂಕಿಯ ಕಾವು ಕೊಟ್ಟು ಒಣಗಿಸಿದ್ದು ಮನಾಯ್. ಇಬ್ಬರೂ ಒಬ್ಬರ ಮಾತು ಒಬ್ಬರಿಗೆ ತಿಳಿಯದೆ ಗಂಟೆಗಟ್ಟಲೆ ಮಾತಾಡುತ್ತಿದ್ದರು.

ಮನಾಯ್ ಮನೆಯ ಹಿಂದೆ ಒಂದು ತೋಟವಿತ್ತು. ಅಲ್ಲಿಯದೊಂದು ಲಿಂಬೆಯ ಜಾತಿ, ಕಲಮಾನ್ಸಿ ಎಂದು ಹೆಸರು. ಗೋಲಿಗಿಂತ ಒಂಚೂರು ದೊಡ್ಡದು, ಒಳಗೆ ಕಿತ್ತಳೆ ಬಣ್ಣ. ಸುತ್ತಲೂ ತೆಂಗಿನ ಮರ. ಅತ್ತೆ ಮೊದಲ ದಿನ ಒಂದು ಕಾಯಿ ಹಿಂಡಿ, ಮೂಸಿ, ಇದು ಲಿಂಬೆಯಲ್ಲ, ಲಿಂಬೆಯ ಮೊಮ್ಮಗಳು ಎಂದು ತೀರ್ಪು ಕೊಟ್ಟರು. ಆದರೂ ದಿನಾ ಬೆಳಿಗ್ಗೆ ಅಲ್ಲಿಗೆ ಹೋಗುತ್ತಿದ್ದರು, ಗಿಡದ ಬುಡ ಕೆದಕುತ್ತಿದ್ದರು, ಒಣ ರೆಂಬೆ ಮುರಿಯುತ್ತಿದ್ದರು. ಅದರಿಂದ ಉಪ್ಪಿನಕಾಯಿ ಹಾಕಿ ಓಣಿಗೆಲ್ಲ ಹಂಚಿದರು. ಡಿಸೆಂಬರಿಗೆ ಟಿಕೆಟ್ ಆಗಿತ್ತು. ಮಗಳನ್ನು ಎತ್ತಿಕೊಂಡು ನಾನೂ ಅವರ ಜತೆ ಹೋಗುವುದೆಂದು ನಿಶ್ಚಯವಾಗಿತ್ತು. ಅತ್ತೆ ಆಗಲೇ ಗಂಟು ಕಟ್ಟಿ ಬಿಚ್ಚಿ ಮಾಡುತ್ತಿದ್ದರು.

ನಮ್ಮ ಕಡೆಯ ಗಾಳಿಯ ಬಗ್ಗೆ ಇಲ್ಲಿ ಹೇಳಲೇಬೇಕು. ಬೇಸಿಗೆಯ ಕೊನೆಗೆ ಇಂಡಿಯಲ್ಲಿ ಗಾಳಿ ಬರುತ್ತದೆ, ಕೆಂಪಗೆ ಧೂಳೆಬ್ಬಿಸಿಕೊಂಡು. ಬಾಗಿಲು ಮುಚ್ಚುವಷ್ಟರಲ್ಲಿ ನಾಲ್ಕು ದಪ್ಪ ಹನಿ, ಗುಡುಗು, ಎಲ್ಲೋ ಒಂದು ತಗಡು ಹಾರಿದ ಸದ್ದು. ಅಷ್ಟೇ. ನಿಂತಿತೆಂದರೆ ನಿಂತಿತು, ಹೋದ ಗಾಳಿ ಅವತ್ತು ತಿರುಗಿ ಬರುವುದಿಲ್ಲ. ನಿಂತ ಕೂಡಲೇ ನಮ್ಮ ಮನೆಯ ಹೆಂಗಸರೆಲ್ಲ ಬುಟ್ಟಿ ಹಿಡಿದು ತೋಟಕ್ಕೆ ಓಡುತ್ತಾರೆ. ಗಾಳಿಗೆ ಬಿದ್ದ ಲಿಂಬೆಕಾಯಿ ಹೆಂಗಸರದು ಎಂಬುದು ನಮ್ಮ ಮನೆಯ ರೂಢಿ. ಗಿಡದಲ್ಲಿದ್ದದ್ದು ಗಂಡಸರು ಪೇಟೆಗೆ ಒಯ್ಯುವುದು. ನೆಲಕ್ಕೆ ಬಿದ್ದದ್ದನ್ನು ಅವರು ಮುಟ್ಟುವ ಹಾಗಿಲ್ಲ. ಆದರೆ ಹಸಿ ಮಣ್ಣಿನಲ್ಲಿ ಬಿದ್ದ ಕಾಯಿ ಬೇಗ ಕೆಡುತ್ತದೆ, ಅದಕ್ಕೇ ಆ ಓಟ. ನಾನು ಸೊಸೆಯಾಗಿ ಬಂದ ಮೊದಲ ವರ್ಷ ಅತ್ತೆಯ ಹಿಂದೆ ಹಾಗೆ ಓಡಿದ್ದೆ. ನಗುತ್ತ, ಕೆಸರಲ್ಲಿ ಜಾರುತ್ತ, ಉಡಿ ತುಂಬಿಕೊಳ್ಳುತ್ತ. ಆ ಮನೆ ನನ್ನದು ಅನಿಸಿದ್ದು ಅವತ್ತೇ.

ಅಕ್ಟೋಬರಿನಲ್ಲಿ ಅದು ಹುಟ್ಟಿತು. ಅದಕ್ಕೂ ಒಂದು ಹೆಣ್ಣಿನ ಹೆಸರಿಟ್ಟಿದ್ದರು. ಆ ಹೆಸರನ್ನು ನಾನು ಇಲ್ಲಿ ಬರೆಯುವುದಿಲ್ಲ. ಅದಕ್ಕೂ ಮುಂಚೆ ಎರಡು ಬಗ್ಯೊ ನೋಡಿದ್ದೆ. ಎರಡೂ ಬದಿಗೆ ಹಾಯ್ದು ಹೋಗಿದ್ದವು, ಒಂದು ದಿನ ಬೀಸಿ ಕ್ರಮೇಣ ಇಳಿದಿದ್ದವು. ಈ ಸಲ ಸಿಗ್ನಲ್ ಮೂರಕ್ಕೆ ನಿಲ್ಲದೆ ನಾಲ್ಕಕ್ಕೆ ಏರಿತು. ಸಕ್ಕರೆ ದಾಸ್ತಾನು ಕಾಯಲು ಇವರು ಕಾರ್ಖಾನೆಯಲ್ಲೇ ಉಳಿಯಬೇಕಾಯಿತು. ಬೆರ್ತೊ ಬಂದು ನಮ್ಮ ಹಗ್ಗಗಳನ್ನು ಬಿಗಿಮಾಡಿ, ಕಿಟಕಿಗೆ ಹಲಗೆ ಹೊಡೆದು ಹೋದ.

ಬೆಳಗಿನಿಂದ ಬಡಗಣ ಗಾಳಿ. ಅದನ್ನು ಗಾಳಿ ಎಂದರೆ ಸುಳ್ಳಾದೀತು. ಗೋಡೆಗೆ ಯಾರೋ ಹೆಗಲು ಕೊಟ್ಟು ನೂಕಿದ ಹಾಗೆ ಇಡೀ ಮನೆ ನರಳುತ್ತಿತ್ತು. ಬಾಗಿಲ ಸಂದಿಯಿಂದ ನೀರು ಅಡ್ಡಡ್ಡ ಒಳಗೆ ಹಾರುತ್ತಿತ್ತು. ಅತ್ತೆ ಕೂಸನ್ನು ಎದೆಗೆ ಕವುಚಿಕೊಂಡು ಗುರುವಿನ ಹೆಸರು ಹೇಳುತ್ತ ಕೂತಿದ್ದರು. ಹಿಂದೆ ಎಲ್ಲೋ ತೆಂಗಿನ ಮರಗಳು ಒಂದೊಂದಾಗಿ ಮುರಿಯುವುದು ಕೇಳಿಸುತ್ತಿತ್ತು.

ಮಧ್ಯಾಹ್ನ ಗಾಳಿ ನಿಂತಿತು. ಇಳಿಯಲಿಲ್ಲ, ನಿಂತೇಬಿಟ್ಟಿತು. ಕಿಟಕಿಯ ಹಲಗೆಯ ಸಂದಿಯಿಂದ ಬಿಸಿಲಿನ ಗೆರೆ ಒಳಗೆ ಬಿತ್ತು. ಹಿತ್ತಲ ಬಾಗಿಲು ತೆಗೆದು ನೋಡಿದರೆ ನೆತ್ತಿಯ ಮೇಲೆ ತೊಳೆದ ಹಾಗೆ ನೀಲಿ ಆಕಾಶ. ದೂರದಲ್ಲಿ ಸುತ್ತಲೂ ಬಿಳಿ ಮೋಡ ಗೋಡೆಯಂತೆ ನಿಂತಿತ್ತು. ಒಂದು ಎಲೆಯೂ ಅಲುಗುತ್ತಿರಲಿಲ್ಲ. ಅಲುಗಲು ಎಲೆಗಳೇ ಉಳಿದಿರಲಿಲ್ಲ.

“ಮುಗೀತ ನೋಡು,” ಅಂದರು ಅತ್ತೆ. ಕೂಸನ್ನು ನನ್ನ ತೊಡೆಗೆ ಹಾಕಿ ಬುಟ್ಟಿ ಹುಡುಕತೊಡಗಿದರು. “ಆ ಲೋರಿಂಗಿ ಗಿಡದ್ದೆಲ್ಲಾ ಉದುರಿ ಬಿದ್ದಿರ್ತಾವ. ಪಾಪ, ಅಕಿ ಮನಿ ತಗಡು ನೋಡ್ತಾಳೋ, ಕಾಯಿ ಆರಿಸ್ತಾಳೋ? ಹಸಿ ಮಣ್ಣಾಗ ಸಂಜಿತನಕ ತಡಿಯೂದಿಲ್ಲ ಅವು. ಕೂಸಿಗೆ ಹಾಲು ಕುಡಿಸು, ಈಗ ಬಂದೆ.”

ನನಗೆ ಬೇಡ ಅನ್ನಲು ತೋಚಲಿಲ್ಲ. ನಾನೂ ಅದೇ ಮನೆಯವಳು, ಗಾಳಿ ನಿಂತರೆ ಬುಟ್ಟಿ ಹಿಡಿಯುವವಳು. ಕೂಸು ಅಳದೆ ಇದ್ದಿದ್ದರೆ ನಾನೂ ಅವರ ಹಿಂದೆ ಹೋಗುತ್ತಿದ್ದೆ.

ಸ್ವಲ್ಪ ಹೊತ್ತಿಗೆ ಮುಂಬಾಗಿಲಿನಿಂದ ಮನಾಯ್ ಬೆರ್ತೊನನ್ನು ಕರೆದುಕೊಂಡು ಬಂದಳು. ಅಷ್ಟು ಹೊತ್ತೂ ತಾಯಿ ಮಗ ತಮ್ಮ ಮಾಳಿಗೆಯ ಮೇಲೆ ಹತ್ತಿ, ಎದ್ದಿದ್ದ ತಗಡಿಗೆ ಮೊಳೆ ಹೊಡೆಯುತ್ತಿದ್ದರಂತೆ. ನಾವು ಒಳಗಿದ್ದೇವೆ ಅಂದುಕೊಂಡಿದ್ದರು. ಅತ್ತೆ ಹಿತ್ತಲಿನಿಂದ ಹೋದದ್ದು ಅವರಿಗೆ ಕಂಡಿರಲಿಲ್ಲ. ಬಂದವಳೇ ನಮ್ಮನ್ನು ಬಡಗಣ ಕೋಣೆಗೆ ಸಾಗಿಸಲು ಹಾಸಿಗೆ ಎಳೆಯತೊಡಗಿದಳು. ಯಾಕೆ ಎಂದೆ. ಆಕೆ ತನ್ನ ಕಣ್ಣಿಗೆ ಬೆರಳು ಮುಟ್ಟಿಸಿ, ಅದೇ ಬೆರಳನ್ನು ಆಕಾಶಕ್ಕೆ ತೋರಿಸಿ, ಮತಾ, ಅಂದಳು. ಮತಾ ಎಂದರೆ ಕಣ್ಣು. ತಿರುಗುವ ಗಾಳಿಯ ನಟ್ಟನಡುವೆ ಗಾಳಿಯಿಲ್ಲದ ಒಂದು ಕಣ್ಣಿರುತ್ತದೆ, ನಾವೀಗ ಅದರ ಕೆಳಗಿದ್ದೇವೆ, ಅರ್ಧ ಮಾತ್ರ ಆಗಿದೆ, ಇನ್ನರ್ಧ ತೆಂಕಣದಿಂದ ಬರುತ್ತದೆ. ಇಷ್ಟನ್ನು ಆಕೆ ಕೈಬಾಯಿ ಸೇರಿಸಿ ಹೇಳಿ ಮುಗಿಸಿ, ಸುತ್ತ ನೋಡಿ, ಲೋಲಾ ಎಲ್ಲಿ ಎಂದು ಕೇಳಿದಳು.

ನಾನು ತೋಟದ ಕಡೆ ಕೈ ತೋರಿಸಿದೆ. ಆಕೆಯ ಮುಖ ನೋಡಿದ ಮೇಲೆ ಯಾರೂ ನನಗೆ ಬೇರೆ ಏನೂ ಹೇಳಬೇಕಾಗಲಿಲ್ಲ.

ಬೆರ್ತೊ ಓಡಿದ. ಬೇಲಿ ದಾಟುವಷ್ಟರಲ್ಲಿ ಗಾಳಿ ಬಂತು, ಬಾಗಿಲು ಒದ್ದ ಹಾಗೆ, ಎದುರು ದಿಕ್ಕಿನಿಂದ. ಅವನು ನೆಲಕ್ಕೆ ಬಿದ್ದು, ತೆವಳುತ್ತ ಒಳಗೆ ಬಂದ. ಹಣೆಯಿಂದ ರಕ್ತ ಸುರಿಯುತ್ತಿತ್ತು. ಮತ್ತೊಮ್ಮೆ ಹೊರಟವನನ್ನು ತಾಯಿ ಹಿಡಿದುಕೊಂಡಳು. ನಾನು ಹೊರಟಾಗ ಇಬ್ಬರೂ ಸೇರಿ ನನ್ನನ್ನು ಹಿಡಿದುಕೊಂಡರು. ಅತ್ತೀ ಎಂದು ನಾನು ಕೂಗಿದ್ದು ನನಗೇ ಕೇಳಿಸಲಿಲ್ಲ. ಆ ಎರಡನೆಯ ಗಾಳಿ ಕತ್ತಲಾದ ಮೇಲೆಯೂ ಬೀಸುತ್ತಲೇ ಇತ್ತು.

ಬೆಳಿಗ್ಗೆ ಸಿಕ್ಕರು. ಮೊದಲ ಗಾಳಿಗೆ ಬೇರು ಸಡಿಲಾಗಿ ವಾಲಿದ್ದ ತೆಂಗಿನ ಮರ ಎರಡನೆಯದಕ್ಕೆ ಅವರ ಮೇಲೆ ಉರುಳಿತ್ತು. ಉಡಿ ತುಂಬ ಕಾಯಿಗಳಿದ್ದವು, ಸೆರಗಿನ ತುದಿಯನ್ನು ಸೊಂಟಕ್ಕೆ ಭದ್ರವಾಗಿ ಸಿಕ್ಕಿಸಿಕೊಂಡಿದ್ದರು. ಇವರು ಕಾರ್ಖಾನೆಯಿಂದ ಬಿದ್ದ ಮರಗಳನ್ನು ದಾಟುತ್ತ ನಡೆದೇ ಬಂದರು. ಓಣಿಯ ತಿರುವಿನಲ್ಲಿ ಮನಾಯ್ ಎದುರು ಹೋಗಿ ಅವರ ಕೈ ಹಿಡಿದುಕೊಂಡದ್ದು ಕಂಡಿತು. ಹೇಳುವ ಕೆಲಸವನ್ನು ಆಕೆ ನನ್ನಿಂದ ತೆಗೆದುಕೊಂಡಳು.

ಊರಿಗೆ ಒಯ್ಯೋಣ ಎಂದು ಇವರು ಹಟ ಹಿಡಿದರು. ಒಯ್ಯುವುದು ಹೇಗೆ? ಸೇತುವೆ ಕೊಚ್ಚಿಹೋಗಿತ್ತು, ವಿಮಾನ ನಿಲ್ದಾಣದ ಮೇಲೆ ನೀರು ನಿಂತಿತ್ತು, ಫೋನಿನ ಕಂಬಗಳು ನೆಲದ ಮೇಲಿದ್ದವು, ಕರೆಂಟಿಲ್ಲ, ಮಂಜುಗಡ್ಡೆಯಿಲ್ಲ. ಸಾಲೆಯ ತುಂಬ ಮನೆ ಕಳೆದುಕೊಂಡವರು. ಗದ್ದೆಗಳಿಗೆ ಸಮುದ್ರದ ಉಪ್ಪು ನೀರು ನುಗ್ಗಿತ್ತು. ನಮ್ಮ ಓಣಿಯಲ್ಲೇ ಇನ್ನೂ ಎರಡು ಮನೆಗಳಲ್ಲಿ ಸಾವಾಗಿತ್ತು. ಪರದೇಶದ ಒಬ್ಬ ಮುದುಕಿಯ ಬಗ್ಗೆ ಯಾರನ್ನು ಹೋಗಿ ಕೇಳುವುದು? ಇಗರ್ಜಿಯ ಪಾದ್ರಿ ತಮ್ಮ ಸ್ಮಶಾನದ ಒಂದು ಮೂಲೆ ಬಿಟ್ಟುಕೊಟ್ಟರು.

ನಮ್ಮಲ್ಲಿ ಹೆಣವನ್ನು ಮಲಗಿಸುವುದಿಲ್ಲ, ಕೂರಿಸುತ್ತೇವೆ. ಬೆರ್ತೊ ಮತ್ತವನ ಗೆಳೆಯರು ಉದ್ದದ ಕುಣಿ ತೋಡಲು ಹೊರಟಿದ್ದರು. ಇವರು ತಾವೇ ನೆಲದ ಮೇಲೆ ಪದ್ಮಾಸನ ಹಾಕಿ ಕೂತು ತೋರಿಸಬೇಕಾಯಿತು. ಅವರು ಏನೂ ಕೇಳದೆ ಹಾಗೆಯೇ ತೋಡಿದರು. ಇಂಡಿಯಲ್ಲಿ ಆಳುದ್ದ ತೋಡಿದರೂ ಎರೆಮಣ್ಣು ಒಣಗಿಯೇ ಇರುತ್ತದೆ. ಇಲ್ಲಿ ಮೊಣಕಾಲು ಮಟ್ಟಕ್ಕೇ ನೀರು ಬಂತು. ಬಕೆಟ್ಟಿನಲ್ಲಿ ಎತ್ತಿಹಾಕಿದಷ್ಟೂ ಒಸರುತ್ತಿತ್ತು. ಪತ್ರಿ ಏರಿಸೋಣವೆಂದರೆ ಇಡೀ ಊರಿನಲ್ಲಿ ಒಂದು ಹಸಿರೆಲೆಯಿಲ್ಲ. ಅತ್ತೆಯ ಗಂಟಿನಲ್ಲಿ ವಿಭೂತಿ ಗಟ್ಟಿಯೊಂದು ಇತ್ತು. ಅದೊಂದೇ ನಮ್ಮ ಊರಿನದು. ಮಗನೇ ಹಣೆಗೆ ಹಚ್ಚಿ, ಕೈಯಲ್ಲಿ ಲಿಂಗ ಇಟ್ಟು ಕೂರಿಸಿದರು. ಬಿಸಿಲಲ್ಲಿ ಹುಟ್ಟಿ ಬಿಸಿಲಲ್ಲಿ ಬದುಕಿದ ಹೆಂಗಸನ್ನು ಆ ತೇವದಲ್ಲಿ ಕೂರಿಸಿ ಮಣ್ಣೆಳೆದು ಬಂದೆವು.

ಗಾಳಿ ದ್ವೀಪ ದಾಟಿ, ಪಡುವಣ ಸಮುದ್ರದಲ್ಲಿ ಇನ್ನೆರಡು ದಿನ ಬದುಕಿ, ವಿಯೆಟ್ನಾಮಿನ ಹತ್ತಿರ ಮಳೆಯಾಗಿ ಮುಗಿಯಿತೆಂದು ಬ್ಯಾಟರಿ ರೇಡಿಯೋ ಹೇಳಿತು. ಅದರ ಹೆಸರನ್ನು ಇನ್ನು ಯಾವ ಗಾಳಿಗೂ ಇಡುವುದಿಲ್ಲವಂತೆ. ಬಹಳ ಜೀವ ತೆಗೆದ ಹೆಸರನ್ನು ಪಟ್ಟಿಯಿಂದ ಕೈಬಿಡುವುದು ಅಲ್ಲಿಯ ಪದ್ಧತಿ.

ವರ್ಷಗಳು ಕಳೆದವು. ತೋಟ ಮತ್ತೆ ಚಿಗುರಿತು, ಮಗಳು ಬಿಕೋಲ್ ಭಾಷೆಯಲ್ಲಿ ಜಗಳವಾಡಿ ಕನ್ನಡದಲ್ಲಿ ಅಳುವುದನ್ನು ಕಲಿತಳು. ಒಂದು ದಿನ ಪಾದ್ರಿ ಕರೆಸಿದರು. ಸ್ಮಶಾನದಲ್ಲಿ ಜಾಗ ಕಡಿಮೆ. ಕೆಲವು ವರ್ಷಗಳ ಮೇಲೆ ಮೂಳೆಗಳನ್ನು ತೆಗೆದು ಗೋಡೆಯ ಗೂಡಿನಲ್ಲಿಡುವುದು ಅಲ್ಲಿಯ ವಾಡಿಕೆ. ನಮ್ಮ ಸರದಿ ಬಂದಿದೆ ಎಂದರು. ಅದನ್ನು ಕೇಳಿ ನಾನು ಹೆದರಿದೆ. ಮನಾಯ್ ಮಾತ್ರ ಸಂತೋಷಪಟ್ಟಳು. ಈಗ ಲೋಲಾ ಚಿಕ್ಕ ಪೆಟ್ಟಿಗೆಯಲ್ಲಿ ಹಿಡಿಯುತ್ತಾಳೆ, ಊರಿಗೆ ಕರೆದುಕೊಂಡು ಹೋಗು ಎಂದಳು. ಅತ್ತೆಗೆ ನಾನು ಕೊಟ್ಟಿದ್ದ ಮಾತು ಆಕೆಗೆ ಗೊತ್ತಿತ್ತು. ಇಷ್ಟು ವರ್ಷ ನನಗೇ ಹೊಳೆಯದ ದಾರಿ ಅದು. ಅವತ್ತು ಸಂಜೆ ನಾನು ಹಗುರಾಗಿದ್ದೆ. ಬಾವಿಯ ಮಗ್ಗುಲಿನ ಆ ಜಾಗವನ್ನು ಮನಸ್ಸಿನಲ್ಲೇ ಸಗಣಿ ನೀರು ಹಾಕಿ ಸಾರಿಸಿಬಿಟ್ಟೆ.

ಇವರು ಭಾವನವರಿಗೆ ಫೋನ್ ಮಾಡಿದರು. ನಾನು ಪಕ್ಕದಲ್ಲೇ ಕಿವಿಗೊಟ್ಟು ನಿಂತಿದ್ದೆ. ಭಾವನವರು ಎಲ್ಲ ಕೇಳಿಸಿಕೊಂಡರು.

“ಕುಂತಾಕಿನ್ನ ಎಬ್ಬಸಬ್ಯಾಡೋ ತಮ್ಮಾ,” ಅಂದರು. “ನಮ್ಮಾಗ ಅದು ಇಲ್ಲ. ಅವ್ವ ಎಲ್ಲಿ ಕುಂತಾಳ ಅಲ್ಲೇ ಇರ್ಲಿ. ನೀವರ ಬರ್ರಿ ಇನ್ನ.”

ಅವರ ಮಾತು ತಪ್ಪೆಂದು ನಾನು ಹೇಳಲಾರೆ. ಸಮಾಧಿ ಕೆದಕುವುದನ್ನು ನಾವು ಯಾರೂ ಕಂಡಿಲ್ಲ, ಕೇಳಿಲ್ಲ. ಅತ್ತೆಯನ್ನೇ ಕೇಳಿದ್ದರೆ ಏನೆನ್ನುತ್ತಿದ್ದರೋ. ಮುರಿದ ಸೇತುವೆಯನ್ನು ಕಟ್ಟಿದ್ದರು, ನಿಲ್ದಾಣದ ನೀರು ಯಾವಾಗಲೋ ಇಳಿದಿತ್ತು. ಊರಿಗೆ ಹೋಗುವ ಅವರ ದಾರಿಯನ್ನು ಈಗ ಊರೇ ಮುಚ್ಚಿತು.

ಪಾದ್ರಿ ಒಳ್ಳೆಯ ಮನುಷ್ಯ. ಹಾಗಾದರೆ ಅಲ್ಲೇ ಇರಲಿ ಎಂದರು. ಆದರೆ ನವೆಂಬರ್ ಒಂದಕ್ಕೆ ಅಲ್ಲಿ ಎಲ್ಲರೂ ತಮ್ಮ ತಮ್ಮ ಗೋರಿ ತೊಳೆದು ದೀಪ ಹಚ್ಚುತ್ತಾರೆ. ಯಾರೂ ಬಾರದ ಗೋರಿಯನ್ನು ವಾರಸುದಾರರಿಲ್ಲ ಎಂದು ತೆಗೆದುಬಿಡುತ್ತಾರೆ. ಅದೊಂದನ್ನು ನೆನಪಿಡಿ ಎಂದರು.

ಅದೇ ಸಮಯಕ್ಕೆ ನಮ್ಮ ಕಡೆಯ ಕಾರ್ಖಾನೆಯೊಂದರಲ್ಲಿ ಇವರಿಗೆ ಜಾಗ ಖಾಲಿಯಿರುವ ಸುದ್ದಿ ಬಂದಿತ್ತು. ಮೆಟ್ಟಿಲ ಮೇಲೆ ಕೂತು ಇವರು ನನ್ನ ಮುಖ ನೋಡಿದರು.

“ನೀ ಹೇಳು. ಬಂದ ದಿನದಿಂದ ಊರಿಗೆ ಹೋಗೂಣು ಅಂದಾಕಿ ನೀನ.”

“ಹೌದ್ರಿ,” ಅಂದೆ. “ಆದ್ರ ಅತ್ತಿನ್ನ ಕರಕೊಂಡು ಬರ್ತೇನಿ ಅಂತ ಮಾತು ಕೊಟ್ಟಾಕೀನೂ ನಾನ. ಅವರನ್ನಿಲ್ಲಿ ಬಿಟ್ಟು, ನಾ ಯಾವ ಮಾರಿ ಹೊತ್ಕೊಂಡು ಹೋಗ್ಲಿ?”

ಮರುದಿನ ಭಾವನವರಿಗೆ ನಾನೇ ಫೋನ್ ಮಾಡಿ, ನಾವು ಬರುವುದಿಲ್ಲ ಎಂದು ಹೇಳಿದೆ. ಹೇಳಿ ಫೋನ್ ಇಟ್ಟ ಮೇಲೆ, ಅತ್ತೆ ಹೋದ ದಿನ ಬಂದದ್ದಕ್ಕಿಂತ ಹೆಚ್ಚು ಅಳು ಬಂತು.